ಮೈಲು, ಹೋಟೆಲ್ ಪಾಯಿಂಟ್ ನಾಲ್ಕು ಕಡೆ ಚದುರಿವೆ: ಅಪ್ಪ ಅಮ್ಮನ ಮ್ಯೂನಿಕ್ ಪ್ರಯಾಣಕ್ಕೆ ಹೇಗೆ ಬಳಸುವುದು?

ಕಂದವಾರ ಕೆರೆ

ಎಲ್ಲರಿಗೂ ನಮಸ್ಕಾರ. ಊರು ಚಿಕ್ಕಬಳ್ಳಾಪುರ, ಕೆಲಸ ದೇವನಹಳ್ಳಿ ಹತ್ತಿರದ ಒಂದು ಕಂಪನಿಯಲ್ಲಿ. ಕೆಲಸದ ಮೇಲೆ ದೆಹಲಿ, ಪುಣೆ, ಹೈದರಾಬಾದ್ ಅಂತ ಓಡಾಟ ಇದ್ದೇ ಇರುತ್ತದೆ. ಹೀಗಾಗಿ ಪದೇ ಪದೇ ಬರುವ ಗ್ರಾಹಕರಿಗೆ ಕಂಪನಿಗಳು ಕೊಡುವ ಪಾಯಿಂಟ್ (ವಿಮಾನದ್ದಕ್ಕೆ ಮೈಲು ಅಂತಲೂ ಅನ್ನುತ್ತಾರೆ) ಏರ್ ಇಂಡಿಯಾದ ಮಹಾರಾಜ ಕ್ಲಬ್‌ನಲ್ಲಿ ಒಂದಿಷ್ಟು, ಇಂಡಿಗೋ ಬ್ಲೂಚಿಪ್‌ನಲ್ಲಿ ಒಂದಿಷ್ಟು, ಮ್ಯಾರಿಯಟ್ ಹೋಟೆಲ್‌ಗಳ ಬೋನ್‌ವಾಯ್‌ನಲ್ಲಿ ಒಂದಿಷ್ಟು, ಕ್ರೆಡಿಟ್ ಕಾರ್ಡಿನಲ್ಲಿ ಇನ್ನೊಂದಿಷ್ಟು ಸೇರಿದೆ.

ಅಕ್ಕ ಭಾವ ಮ್ಯೂನಿಕ್‌ನಲ್ಲಿ ಇದ್ದಾರೆ. ಮುಂದಿನ ಬೇಸಿಗೆಗೆ ಅಪ್ಪ ಅಮ್ಮನನ್ನು ಅಲ್ಲಿಗೆ ಕಳಿಸಬೇಕು. ಅಪ್ಪನಿಗೆ ಮಂಡಿ ನೋವು, ಅಷ್ಟು ಹೊತ್ತು ಕಾಲು ಮಡಚಿ ಕೂರುವುದು ಕಷ್ಟ. ಈ ಪಾಯಿಂಟ್‌ಗಳಿಂದ ಅವರಿಗೆ ಸ್ವಲ್ಪ ಅನುಕೂಲ ಮಾಡಿಕೊಡಲು ಆಗುತ್ತದಾ? ಕಾರ್ಡಿನ ಆ್ಯಪ್ ತೆಗೆದರೆ ಸಾಕು, ಮಿಕ್ಸಿ ತಗೊಳ್ಳಿ, ವೋಚರ್ ತಗೊಳ್ಳಿ ಅಂತ ತೋರಿಸುತ್ತದೆ. ಅದನ್ನೇ ತೆಗೆದುಕೊಂಡು ಮುಗಿಸಿಬಿಡಲಾ?

ನಂದಿ ತಪ್ಪಲು

ಮಿಕ್ಸಿ ಖಂಡಿತ ಬೇಡ. ಮೊದಲು ಲೆಕ್ಕ ಹಾಕುವುದನ್ನು ಕಲಿಯಿರಿ, ಆಮೇಲೆ ಯಾವ ಆ್ಯಪ್ ಏನು ತೋರಿಸಿದರೂ ನಿಮಗೇ ಗೊತ್ತಾಗುತ್ತದೆ.

ಲೆಕ್ಕ ಇಷ್ಟೇ. ಅದೇ ಟಿಕೆಟ್‌ಗೆ ದುಡ್ಡು ಕೊಟ್ಟರೆ ಎಷ್ಟು ಅಂತ ನೋಡಿ. ಪಾಯಿಂಟ್‌ನಲ್ಲಿ ತೆಗೆದುಕೊಂಡಾಗಲೂ ತೆರಿಗೆ, ಶುಲ್ಕ ಅಂತ ಕೈಯಿಂದ ಕಟ್ಟಬೇಕಲ್ವಾ, ಅದನ್ನು ಕಳೆಯಿರಿ. ಉಳಿದದ್ದನ್ನು ಪಾಯಿಂಟ್‌ಗಳ ಸಂಖ್ಯೆಯಿಂದ ಭಾಗಿಸಿ. ಸುಲಭದ ಅಂಕಿ ಇಟ್ಟುಕೊಳ್ಳೋಣ. ಟಿಕೆಟ್ 9,000 ರೂಪಾಯಿ. ಪಾಯಿಂಟ್‌ನಲ್ಲಾದರೆ 7,500 ಪಾಯಿಂಟ್ ಜೊತೆಗೆ 1,500 ರೂಪಾಯಿ. ಅಂದರೆ 7,500 ರೂಪಾಯಿಯ ಬದಲು 7,500 ಪಾಯಿಂಟ್ ಕೊಟ್ಟಿರಿ, ಒಂದಕ್ಕೆ ಒಂದು ರೂಪಾಯಿ ಸಿಕ್ಕಿತು. ಅದೇ 7,500 ಪಾಯಿಂಟ್‌ಗೆ 1,500 ರೂಪಾಯಿಯ ವೋಚರ್ ಕೊಡುತ್ತೇವೆ ಅಂದರೆ ಒಂದಕ್ಕೆ 20 ಪೈಸೆ. ಎರಡಕ್ಕೂ ಎಷ್ಟು ಅಂತರ ನೋಡಿ. ವಸ್ತು, ವೋಚರ್‌ಗಳಲ್ಲಿ ಹೆಚ್ಚಾಗಿ ಕಡಿಮೆ ಬೆಲೆಯೇ ಸಿಗುವುದು.

ಇನ್ನೊಂದು ಮಾತು. ದುಡ್ಡು ಕೊಟ್ಟು ಹೋದರೆ ಆ ಪ್ರಯಾಣಕ್ಕೆ ಹೊಸ ಪಾಯಿಂಟ್ ಬರುತ್ತದೆ. ಪಾಯಿಂಟ್‌ನಲ್ಲಿ ಹೋದರೆ ಸಾಮಾನ್ಯವಾಗಿ ಬರುವುದಿಲ್ಲ. ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ನೀವು ಎಲ್ಲಿಗೆ, ಯಾರನ್ನು, ಯಾವಾಗ ಕಳಿಸಬೇಕು ಅಂತ ಹೇಳಿಕೊಂಡೇ ಶುರು ಮಾಡಿದ್ದೀರಿ. ಅದೇ ಸರಿಯಾದ ದಾರಿ. ತುಂಬಾ ಜನ ಸುಮ್ನೆ ಪಾಯಿಂಟ್ ಕೂಡಿಸುತ್ತಾರೆ, ಎಲ್ಲಿಗೆ ಹೋಗಬೇಕು ಅಂತ ಆಮೇಲೆ ಯೋಚಿಸುತ್ತಾರೆ. ಪ್ರಯಾಣ ಮೊದಲು ಗೊತ್ತಾಗಬೇಕು. ಅದಕ್ಕೆ ತಕ್ಕ ಹಾಗೆ ಯಾವ ಖಾತೆಗೆ ಸೇರಿಸಬೇಕು ಅನ್ನುವುದು ಗೊತ್ತಾಗುತ್ತದೆ.

ಶಿಡ್ಲಘಟ್ಟ ರೀಲರ್

ನನಗೆ ಈ ಪಾಯಿಂಟ್ ವ್ಯವಹಾರದ ಮೇಲೆ ನಂಬಿಕೆ ಕಡಿಮೆ. ಕಿಂಗ್‌ಫಿಷರ್ ನಮ್ಮ ಬೆಂಗಳೂರಿನದ್ದೇ. ಅದರ ಕಿಂಗ್ ಕ್ಲಬ್‌ನಲ್ಲಿ ಮೈಲು ಇಟ್ಟುಕೊಂಡಿದ್ದವರು 2012ರ ಅಕ್ಟೋಬರ್‌ನಲ್ಲಿ ವಿಮಾನ ನಿಂತಾಗ ಏನು ಮಾಡಿದರು? 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್ ನಿಂತಿತು. 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ನಿಂತಿತು. ದುಡ್ಡಾದರೆ ಬ್ಯಾಂಕಿನಲ್ಲಿ ಇರುತ್ತದೆ, ಬಡ್ಡಿ ಬರುತ್ತದೆ. ಮೈಲಿಗೆ ಯಾರು ಗ್ಯಾರಂಟಿ?

ನಂದಿ ತಪ್ಪಲು

ಅಣ್ಣ, ನೀವು ಹೇಳಿದ್ದು ನೂರಕ್ಕೆ ನೂರು ನಿಜ. ಅದಕ್ಕೇ ಕೂಡಿಟ್ಟುಕೊಂಡು ಕೂರಬಾರದು ಅನ್ನುವುದು. ನಿಮಗೆ ಹೇಳಬೇಕಾಗಿಲ್ಲ, ರೇಷ್ಮೆ ಹುಳು ಗೂಡು ಕಟ್ಟಿದ ಮೇಲೆ ರೈತ ಅದನ್ನು ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ, ನಿಮ್ಮ ಊರಿನ ಮಾರುಕಟ್ಟೆಗೆ ತಂದುಬಿಡುತ್ತಾನೆ. ತಡ ಮಾಡಿದರೆ ಚಿಟ್ಟೆ ಗೂಡು ತೂತು ಮಾಡಿಕೊಂಡು ಹೊರಗೆ ಬರುತ್ತದೆ, ನೂಲಿಗೆ ಬೆಲೆ ಇಲ್ಲ. ಪಾಯಿಂಟೂ ಹಾಗೆಯೇ, ಬೇಕಾದಷ್ಟು ಸೇರಿದ ತಕ್ಷಣ ಬಳಸಿಬಿಡಬೇಕು.

ಕಂಪನಿ ಮುಚ್ಚುವುದು ಅಪರೂಪ. ಅದಕ್ಕಿಂತ ಸಾಮಾನ್ಯವಾಗಿ ಆಗುವುದು ಬೆಲೆ ಏರಿಕೆ. ಈ ವರ್ಷ 20,000 ಪಾಯಿಂಟ್‌ಗೆ ಸಿಗುತ್ತಿದ್ದ ಸೀಟಿಗೆ ಮುಂದಿನ ವರ್ಷ 25,000 ಕೇಳುತ್ತಾರೆ. ನಮ್ಮ ಖಾತೆಯಲ್ಲಿ ಸಂಖ್ಯೆ ಅಷ್ಟೇ ಇರುತ್ತದೆ, ಬೆಲೆ ಮಾತ್ರ ಕರಗುತ್ತದೆ. ಮ್ಯಾರಿಯಟ್‌ನವರು ಮೊದಲು ಯಾವ ಹೋಟೆಲ್‌ಗೆ ಎಷ್ಟು ಪಾಯಿಂಟ್ ಅಂತ ಪಟ್ಟಿ ಇಟ್ಟಿದ್ದರು, 2022ರ ಮಾರ್ಚ್‌ನಲ್ಲಿ ಅದನ್ನು ತೆಗೆದುಬಿಟ್ಟರು. ಈಗ ದಿನಕ್ಕೊಂದು ದರ.

ಚಿಂತಾಮಣಿ ಟಿಕೆಟ್ ಅಂಗಡಿ

ನಾನು ಟಿಕೆಟ್ ಮಾಡಿಕೊಡುವವನು, ಒಂದು ವಿಷಯ ಸೇರಿಸುತ್ತೇನೆ. ಈ ಮೈಲು ಪದ್ಧತಿ ದೊಡ್ಡದಾಗಿ ಶುರುವಾಗಿದ್ದು 1981ರ ಮೇ ತಿಂಗಳಲ್ಲಿ, ಅಮೆರಿಕನ್ ಏರ್‌ಲೈನ್ಸ್‌ನ ಅಡ್ವಾಂಟೇಜ್ ಇಂದ. ಆಗ ಎಷ್ಟು ದೂರ ಹಾರಿದಿರೋ ಅಷ್ಟು ಮೈಲು. ಹೆಸರು ಬಂದಿದ್ದೇ ಹಾಗೆ. ಈಗ ಹಲವು ಕಡೆ ದೂರಕ್ಕೆ ಬೆಲೆ ಇಲ್ಲ, ಎಷ್ಟು ದುಡ್ಡು ಕೊಟ್ಟಿರಿ ಅನ್ನುವುದಕ್ಕೆ ಬೆಲೆ. ಏರ್ ಇಂಡಿಯಾವೂ 2024ರಲ್ಲಿ ಖರ್ಚಿನ ಲೆಕ್ಕಕ್ಕೆ ಬಂದಿದೆ. ಹಾಗಾಗಿ ತೀರಾ ಅಗ್ಗದ ಟಿಕೆಟ್ ತೆಗೆದುಕೊಂಡು ರಾಶಿ ಮೈಲು ಬರಲಿಲ್ಲ ಅಂತ ನಮ್ಮ ಹತ್ತಿರ ಜಗಳಕ್ಕೆ ಬರಬೇಡಿ.

ಟಿಕೆಟ್ ಮೇಲೆ ಒಂದು ಅಕ್ಷರ ಇರುತ್ತದೆ, ವೈ, ಎಂ, ಕೆ, ಟಿ ಹೀಗೆ. ಅದು ಬುಕಿಂಗ್ ಕ್ಲಾಸ್. ಒಂದೇ ವಿಮಾನ, ಪಕ್ಕಪಕ್ಕದ ಸೀಟು, ಆದರೂ ಅಕ್ಷರ ಬೇರೆ ಆದರೆ ಬರುವ ಮೈಲೂ ಬೇರೆ. ಬೇರೆ ಏರ್‌ಲೈನ್‌ನ ಖಾತೆಗೆ ಹಾಕಿಸುವಾಗ ಕೆಲವು ಅಕ್ಷರಗಳಿಗೆ ಏನೂ ಬರುವುದಿಲ್ಲ. ಬುಕ್ ಮಾಡುವ ಮೊದಲೇ ಕೇಳಿದರೆ ನಾವು ನೋಡಿ ಹೇಳುತ್ತೇವೆ.

ಕಂದವಾರ ಕೆರೆ

ಬೇರೆ ಏರ್‌ಲೈನ್‌ನ ಖಾತೆಗೆ ಹಾಕಿಸುವುದು ಅಂದರೆ? ಲುಫ್ಥಾನ್ಸಾದಲ್ಲಿ ಹೋದರೆ ಲುಫ್ಥಾನ್ಸಾ ಖಾತೆಯೇ ಬೇಕು ಅಲ್ವಾ?

ನಂದಿ ತಪ್ಪಲು

ಬೇಕಾಗಿಲ್ಲ. ತುಂಬಾ ಜನರಿಗೆ ಗೊತ್ತಿಲ್ಲದ ವಿಷಯ ಇದು, ಅದಕ್ಕೆ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಏರ್‌ಲೈನ್‌ಗಳು ಗುಂಪು ಕಟ್ಟಿಕೊಂಡಿವೆ. ದೊಡ್ಡವು ಮೂರು: 1997ರಲ್ಲಿ ಶುರುವಾದ ಸ್ಟಾರ್ ಅಲಯನ್ಸ್, 1999ರ ಒನ್‌ವರ್ಲ್ಡ್, 2000ದ ಸ್ಕೈಟೀಮ್. ಏರ್ ಇಂಡಿಯಾ 2014ರ ಜುಲೈನಲ್ಲಿ ಸ್ಟಾರ್ ಅಲಯನ್ಸ್ ಸೇರಿತು. ಲುಫ್ಥಾನ್ಸಾ, ಸಿಂಗಾಪುರ್ ಏರ್‌ಲೈನ್ಸ್ ಕೂಡ ಅದರಲ್ಲೇ ಇವೆ. ಅಂದರೆ ಅಪ್ಪ ಅಮ್ಮ ಬೆಂಗಳೂರಿಂದ ಲುಫ್ಥಾನ್ಸಾದಲ್ಲಿ ಹೋದರೂ, ಮಹಾರಾಜ ಕ್ಲಬ್ ನಂಬರ್ ಕೊಟ್ಟರೆ ಪಾಯಿಂಟ್ ಅಲ್ಲಿಗೇ ಬರುತ್ತದೆ. ಚಿಂತಾಮಣಿ ಅಣ್ಣ ಹೇಳಿದ ಅಕ್ಷರದ ಷರತ್ತು ಮಾತ್ರ ಇರುತ್ತದೆ. ಅದೇ ರೀತಿ ಏರ್ ಇಂಡಿಯಾ ಪಾಯಿಂಟ್ ಕೊಟ್ಟು ಗುಂಪಿನ ಬೇರೆ ವಿಮಾನದ ಸೀಟನ್ನೂ ಕೇಳಬಹುದು.

ಕತಾರ್ ಏರ್‌ವೇಸ್, ಬ್ರಿಟಿಷ್ ಏರ್‌ವೇಸ್ ಒನ್‌ವರ್ಲ್ಡ್‌ನಲ್ಲಿ ಇವೆ. ಇಬ್ಬರೂ ಏವಿಯೋಸ್ ಅನ್ನುವ ಒಂದೇ ನಾಣ್ಯ ಬಳಸುತ್ತಾರೆ, ಒಂದು ಖಾತೆಯಿಂದ ಇನ್ನೊಂದಕ್ಕೆ ಸಾಗಿಸಬಹುದು. ಎಮಿರೇಟ್ಸ್, ಎತಿಹಾದ್ ಯಾವ ಗುಂಪಿನಲ್ಲೂ ಇಲ್ಲ.

ನಿಮ್ಮ ಮನೆಗೆ ನನ್ನ ಸಲಹೆ: ಸ್ಟಾರ್ ಅಲಯನ್ಸ್‌ನ ಒಂದು ಖಾತೆ ಸಾಕು. ದೆಹಲಿ, ಪುಣೆಗೆ ಆದಷ್ಟು ಏರ್ ಇಂಡಿಯಾದಲ್ಲಿ ಹೋದರೆ ಎಲ್ಲವೂ ಒಂದೇ ಕಡೆ ಸೇರುತ್ತದೆ. ಹಾಗಂತ ಪಾಯಿಂಟ್‌ಗೋಸ್ಕರ ಎರಡು ಸಾವಿರ ಜಾಸ್ತಿ ಕೊಟ್ಟು ಹೋಗಬೇಡಿ. ಇಂಡಿಗೋ ಸಮಯ ಅನುಕೂಲವಾಗಿದ್ದರೆ ಅದರಲ್ಲೇ ಹೋಗಿ, ಬ್ಲೂಚಿಪ್ ಅನ್ನು ಒಳನಾಡಿನ ಟಿಕೆಟ್‌ಗೆ ಬಳಸಿಕೊಳ್ಳಿ.

ಗೌರಿಬಿದನೂರು ಟೀಚರ್

ವಿಸ್ತಾರಾದಲ್ಲಿ ನಮ್ಮ ಮನೆಯವರ ಪಾಯಿಂಟ್ ಇತ್ತು. ಅದು ಹೋಯಿತು ಅಂತಲೇ ಅಂದುಕೊಂಡಿದ್ದೇವೆ.

ಚಿಂತಾಮಣಿ ಟಿಕೆಟ್ ಅಂಗಡಿ

ಹೋಗಿಲ್ಲ ಮೇಡಂ. 2024ರ ನವೆಂಬರ್ 12ರಂದು ವಿಸ್ತಾರಾ ಏರ್ ಇಂಡಿಯಾದಲ್ಲಿ ಸೇರಿತು. ಕ್ಲಬ್ ವಿಸ್ತಾರಾ ಪಾಯಿಂಟ್‌ಗಳನ್ನು ಮಹಾರಾಜ ಕ್ಲಬ್‌ಗೆ ವರ್ಗ ಮಾಡಿದರು. ಹಳೆಯ ಇಮೇಲ್, ಮೊಬೈಲ್ ನಂಬರ್ ಇಟ್ಟುಕೊಂಡು ಲಾಗಿನ್ ಆಗಿ ನೋಡಿ. ಯಾವ ತಾರೀಖಿನವರೆಗೆ ನಡೆಯುತ್ತದೆ ಅಂತ ಅಲ್ಲೇ ತೋರಿಸುತ್ತದೆ, ಇವತ್ತೇ ನೋಡಿಬಿಡಿ.

ಗೌರಿಬಿದನೂರು ಟೀಚರ್

ನೋಡುತ್ತೇನೆ, ಧನ್ಯವಾದ. ಇನ್ನೊಂದು ಸಮಸ್ಯೆ. ನನ್ನ ಹೆಸರಿನ ಹಿಂದೆ ಎರಡು ಇನಿಷಿಯಲ್ ಇವೆ, ಊರಿನದ್ದು ಒಂದು, ತಂದೆಯದ್ದು ಒಂದು. ಆಧಾರ್‌ನಲ್ಲಿ ಒಂದು ತರಹ, ಪಾಸ್‌ಪೋರ್ಟ್‌ನಲ್ಲಿ ಇನ್ನೊಂದು ತರಹ ಇದೆ. ಮೈಲು ಖಾತೆ ತೆರೆಯುವಾಗ ಯಾವುದನ್ನು ಬರೆಯಬೇಕು?

ಚಿಂತಾಮಣಿ ಟಿಕೆಟ್ ಅಂಗಡಿ

ಪಾಸ್‌ಪೋರ್ಟ್‌ನಲ್ಲಿ ಇದ್ದ ಹಾಗೆ, ಅಕ್ಷರ ಅಕ್ಷರ. ನಮ್ಮ ಕಡೆಯ ಜನರಿಗೆ ಪಾಯಿಂಟ್ ಬಾರದೆ ಇರುವುದಕ್ಕೆ ದೊಡ್ಡ ಕಾರಣ ಇದೇ. ಉತ್ತರದವರಿಗೆ ಹೆಸರು, ಕುಲನಾಮ ಅಂತ ಎರಡು ಭಾಗ ಸಲೀಸಾಗಿ ಇರುತ್ತದೆ. ನಮ್ಮಲ್ಲಿ ಹಿಂದೆ ಇನಿಷಿಯಲ್. ಪಾಸ್‌ಪೋರ್ಟ್ ಮಾಡಿಸುವಾಗ ಕೆಲವರು ಇನಿಷಿಯಲ್ ಬಿಡಿಸಿ ಊರ ಹೆಸರನ್ನೇ ಕುಲನಾಮ ಮಾಡಿಕೊಂಡಿರುತ್ತಾರೆ, ಕೆಲವರು ಅಪ್ಪನ ಹೆಸರು ಹಾಕಿಸಿರುತ್ತಾರೆ, ಕೆಲವರು ಆ ಜಾಗ ಖಾಲಿ ಬಿಟ್ಟಿರುತ್ತಾರೆ. ಖಾಲಿ ಬಿಟ್ಟವರ ಟಿಕೆಟ್‌ನಲ್ಲಿ ಒಂದು ಏರ್‌ಲೈನ್ ಅದೇ ಹೆಸರನ್ನು ಎರಡು ಸಲ ಹಾಕುತ್ತದೆ, ಇನ್ನೊಂದು ಹೆಸರು ಗೊತ್ತಿಲ್ಲ ಅನ್ನುವ ಅರ್ಥದ ಎಫ್‌ಎನ್‌ಯು ಅಂತ ಹಾಕುತ್ತದೆ. ಮೈಲು ಖಾತೆಯಲ್ಲಿ ಹೆಸರು ಬೇರೆ ಇದ್ದರೆ ಕಂಪ್ಯೂಟರ್ ಎರಡನ್ನೂ ಹೊಂದಿಸುವುದಿಲ್ಲ, ಪಾಯಿಂಟ್ ಬೀಳುವುದಿಲ್ಲ.

ಹಳೆಯ ಖಾತೆಯಲ್ಲಿ ಹೆಸರು ತಪ್ಪಿದ್ದರೆ ಪ್ರಯಾಣಕ್ಕೆ ಮೊದಲೇ ಅವರಿಗೆ ಬರೆದು ಸರಿ ಮಾಡಿಸಿ. ಪಾಸ್‌ಪೋರ್ಟ್ ಪ್ರತಿ ಕೇಳಬಹುದು, ಕೊಡಿ. ಪಾಯಿಂಟ್ ಬೀಳುವವರೆಗೂ ಬೋರ್ಡಿಂಗ್ ಪಾಸ್ ಬಿಸಾಡಬೇಡಿ. ಬಾರದೆ ಇದ್ದರೆ ವೆಬ್‌ಸೈಟಿನಲ್ಲಿ ಕ್ಲೇಮ್ ಮಾಡುವ ಜಾಗ ಇರುತ್ತದೆ, ಅದಕ್ಕೆ ಟಿಕೆಟ್ ನಂಬರ್ ಬೇಕು. ಎಷ್ಟೋ ತಿಂಗಳು ಕಳೆದ ಮೇಲೆ ಕೇಳಿದರೆ ಕೊಡುವುದಿಲ್ಲ.

ಹೆಸರಿನ ವಿಷಯಕ್ಕೆ ಇಷ್ಟು ಬರೆದಿದ್ದೇನೆ ಅಂದರೆ ಅಷ್ಟು ಜನ ನಮ್ಮ ಅಂಗಡಿಗೆ ಬಂದು ಬೇಜಾರು ಮಾಡಿಕೊಂಡು ಹೋಗಿದ್ದಾರೆ.

ಬಾಗೇಪಲ್ಲಿ ಹುಡುಗ

ಅಪ್ಪ ಅಮ್ಮನ ಪಾಯಿಂಟನ್ನು ಮಗನ ಖಾತೆಗೆ ಹಾಕಲು ಬರುತ್ತದಾ ಅಕ್ಕ? ಒಬ್ಬೊಬ್ಬರ ಹೆಸರಲ್ಲೂ ಚೂರು ಚೂರು ಇದ್ದರೆ ಯಾವುದಕ್ಕೂ ಸಾಲುವುದಿಲ್ಲ.

ನಂದಿ ತಪ್ಪಲು

ಹಾರಿದವರ ಹೆಸರಿಗೇ ಪಾಯಿಂಟ್ ಹೋಗುವುದು. ಮಗ ದುಡ್ಡು ಕೊಟ್ಟರೂ ಅಪ್ಪ ಹಾರಿದ್ದರೆ ಅಪ್ಪನ ಖಾತೆಗೇ. ಆದ್ದರಿಂದ ಮನೆಯಲ್ಲಿ ಪ್ರತಿಯೊಬ್ಬರಿಗೂ ಖಾತೆ ಮಾಡಿಸಿ, ಅದಕ್ಕೆ ಖರ್ಚೇನೂ ಇಲ್ಲ. ಕೆಲವರು ಒಟ್ಟುಗೂಡಿಸಲು ಬಿಡುತ್ತಾರೆ. ಎಮಿರೇಟ್ಸ್‌ನಲ್ಲಿ ಮೈ ಫ್ಯಾಮಿಲಿ ಅಂತ ಇದೆ. ಬ್ರಿಟಿಷ್ ಏರ್‌ವೇಸ್‌ನಲ್ಲಿ ಹೌಸ್‌ಹೋಲ್ಡ್ ಅಕೌಂಟ್ ಇದೆ. ಸಿಂಗಾಪುರ್‌ನ ಕ್ರಿಸ್‌ಫ್ಲೈಯರ್‌ನಲ್ಲಿ ಕೂಡಿಸಲು ಆಗುವುದಿಲ್ಲ, ಆದರೆ ನಿಮ್ಮ ಮೈಲಿನಿಂದ ನೀವು ಹೆಸರಿಸಿದ ಐದು ಜನರಿಗೆ ಟಿಕೆಟ್ ಮಾಡಿಸಬಹುದು. ಕಂದವಾರದವರಿಗೂ ಇದೇ ಉತ್ತರ: ನಿಮ್ಮ ಪಾಯಿಂಟ್ ಅಪ್ಪನ ಖಾತೆಗೆ ಹೋಗಬೇಕಾಗಿಲ್ಲ, ನಿಮ್ಮ ಖಾತೆಯಿಂದಲೇ ಅವರ ಹೆಸರಿಗೆ ಬುಕ್ ಮಾಡಬಹುದು.

ದೇವನಹಳ್ಳಿ ಶಿಫ್ಟ್

ಏರ್‌ಪೋರ್ಟ್ ಹತ್ತಿರದ ಒಂದು ಹೋಟೆಲ್‌ನಲ್ಲಿ ಫ್ರಂಟ್ ಡೆಸ್ಕ್ ಕೆಲಸ ನನ್ನದು. ಹೋಟೆಲ್ ಪಾಯಿಂಟ್ ಬಗ್ಗೆ ಯಾರೂ ಮಾತಾಡಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ವಿಮಾನಕ್ಕೂ ಹೋಟೆಲ್‌ಗೂ ಒಂದು ದೊಡ್ಡ ವ್ಯತ್ಯಾಸ ಇದೆ. ವಿಮಾನದ ಟಿಕೆಟ್ ಯಾವ ಆ್ಯಪ್‌ನಲ್ಲಿ ತೆಗೆದುಕೊಂಡರೂ, ಬ್ಯಾಂಕಿನ ಪೋರ್ಟಲ್‌ನಲ್ಲಿ ತೆಗೆದುಕೊಂಡರೂ, ನಿಮ್ಮ ನಂಬರ್ ಹಾಕಿದರೆ ಸಾಮಾನ್ಯವಾಗಿ ಮೈಲು ಬರುತ್ತದೆ. ಹೋಟೆಲ್ ಹಾಗಲ್ಲ. ಬೇರೆ ಆ್ಯಪ್‌ನಲ್ಲಿ ಬುಕ್ ಮಾಡಿದ ರೂಮಿಗೆ ದೊಡ್ಡ ಹೋಟೆಲ್ ಗುಂಪುಗಳು ಸಾಮಾನ್ಯವಾಗಿ ಪಾಯಿಂಟ್ ಕೊಡುವುದಿಲ್ಲ. ಮೇಲಿನ ಮೆಂಬರ್ ದರ್ಜೆಗೆ ಆ ರಾತ್ರಿಯೂ ಲೆಕ್ಕಕ್ಕೆ ಸೇರುವುದಿಲ್ಲ. ಹೋಟೆಲ್‌ನ ಸ್ವಂತ ವೆಬ್‌ಸೈಟ್, ಆ್ಯಪ್ ಅಥವಾ ಫೋನ್ ಮೂಲಕ ಮಾಡಿದರೆ ಮಾತ್ರ ಬರುತ್ತದೆ. ಕೌಂಟರ್ ಮುಂದೆ ನಿಂತು ಎಷ್ಟೋ ಜನ ಬೇಸರ ಮಾಡಿಕೊಳ್ಳುತ್ತಾರೆ, ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಆ್ಯಪ್‌ನಲ್ಲಿ ನಾನೂರು ಐನೂರು ಕಡಿಮೆ ಕಂಡರೂ, ಹೋಟೆಲ್‌ನ ಮೆಂಬರ್ ದರ ಎಷ್ಟು ಅಂತ ಒಂದು ಸಲ ನೋಡಿ. ಎಷ್ಟೋ ಸಲ ಎರಡೂ ಒಂದೇ ಇರುತ್ತದೆ.

ಕಂಪನಿ ಕೆಲಸಕ್ಕೆ ಹೋಗುವವರಿಗೆ: ದುಡ್ಡು ಕಂಪನಿ ಕೊಟ್ಟರೂ, ಕಂಪನಿಗೆ ಅಂತ ನಿಗದಿಯಾದ ದರದಲ್ಲಿ ಉಳಿದವರಿಗೆ ಸಾಮಾನ್ಯವಾಗಿ ಪಾಯಿಂಟ್ ಬರುತ್ತದೆ. ಚೆಕ್ ಇನ್ ಆಗುವಾಗ ನಂಬರ್ ಹೇಳಿ. ಬಿಲ್‌ನಲ್ಲಿ ಊಟದ ಖರ್ಚನ್ನೂ ರೂಮಿಗೆ ಹಾಕಿಸಿದರೆ ಅದಕ್ಕೂ ಪಾಯಿಂಟ್ ಸೇರುವ ಕಡೆಗಳು ಇವೆ. ನಿಮ್ಮ ಆಫೀಸಿನಲ್ಲಿ ಇದಕ್ಕೆ ನಿಯಮ ಏನಿದೆ ಅಂತ ಕೇಳಿಕೊಳ್ಳಿ ಅಷ್ಟೇ.

ಮದುವೆ, ನಾಮಕರಣಕ್ಕೆ ಎರಡು ಮೂರು ರೂಮ್ ತೆಗೆದುಕೊಳ್ಳುವವರು ಇದನ್ನು ನೆನಪಿಟ್ಟುಕೊಳ್ಳಿ. ಮ್ಯಾರಿಯಟ್‌ನಲ್ಲಿ ನೀವು ಒಂದು ರೂಮಿನಲ್ಲಿ ಉಳಿದು, ದುಡ್ಡು ನೀವೇ ಕೊಟ್ಟರೆ ಮೂರು ರೂಮಿನವರೆಗೆ ಪಾಯಿಂಟ್ ನಿಮಗೇ ಬರುತ್ತದೆ.

ಕಂದವಾರ ಕೆರೆ

ನನ್ನ ಮ್ಯಾರಿಯಟ್ ಪಾಯಿಂಟನ್ನು ಏರ್‌ಲೈನ್ ಮೈಲು ಮಾಡಿಕೊಳ್ಳಬಹುದು ಅಂತ ಎಲ್ಲೋ ಓದಿದೆ. ಅಪ್ಪ ಅಮ್ಮ ಹೇಗಿದ್ದರೂ ಅಕ್ಕನ ಮನೆಯಲ್ಲೇ ಇರುತ್ತಾರೆ, ಹೋಟೆಲ್ ಯಾಕೆ?

ನಂದಿ ತಪ್ಪಲು

ಮಾಡಿಕೊಳ್ಳಬಹುದು, ಆದರೆ ಹೆಚ್ಚಿನ ಏರ್‌ಲೈನ್‌ಗಳಿಗೆ ಮೂರು ಪಾಯಿಂಟ್ ಕೊಟ್ಟರೆ ಒಂದು ಮೈಲು. 60,000 ಒಟ್ಟಿಗೆ ಕೊಟ್ಟರೆ 20,000ದ ಜೊತೆ 5,000 ಹೆಚ್ಚುವರಿ ಸಿಗುತ್ತದೆ. ಸೀಟಿಗೆ ಸ್ವಲ್ಪವೇ ಕಡಿಮೆ ಬಿದ್ದಾಗ ಮಾತ್ರ ಇದು ಸರಿ. ಇಲ್ಲದಿದ್ದರೆ ಹೋಟೆಲ್ ಪಾಯಿಂಟನ್ನು ಹೋಟೆಲ್‌ಗೇ ಬಳಸಿ.

ಅಲ್ಲಿಗೆ ಹೋದವರು ಮೂರು ತಿಂಗಳು ಮನೆಯಲ್ಲೇ ಕೂರುವುದಿಲ್ಲವಲ್ಲ. ಅಕ್ಕ ಭಾವ ರಜೆ ಹಾಕಿ ಎಲ್ಲಾದರೂ ಕರೆದುಕೊಂಡು ಹೋಗುತ್ತಾರೆ, ಆಗ ಬಳಸಿ. ಮ್ಯಾರಿಯಟ್‌ನಲ್ಲಿ ಒಂದೇ ಕಡೆ ಐದು ರಾತ್ರಿ ಪಾಯಿಂಟ್‌ನಲ್ಲಿ ತೆಗೆದುಕೊಂಡರೆ ನಾಲ್ಕಕ್ಕೆ ಕೊಟ್ಟರೆ ಸಾಕು. ಎರಡು ಊರಲ್ಲಿ ಎರಡೆರಡು ರಾತ್ರಿ ಉಳಿಯುವ ಬದಲು ಒಂದೇ ಊರಲ್ಲಿ ಇದ್ದು ಸುತ್ತಾಡಿದರೆ ವಯಸ್ಸಾದವರಿಗೂ ಆರಾಮ, ಪಾಯಿಂಟೂ ಉಳಿಯುತ್ತದೆ.

ಇಲ್ಲೇ ಬಳಸುವುದಾದರೆ ದರ ಏರಿದ ದಿನ ನೋಡಿ. ಯಲಹಂಕದಲ್ಲಿ ಏರೋ ಇಂಡಿಯಾ ನಡೆಯುವ ಫೆಬ್ರವರಿಯಲ್ಲಿ ನಮ್ಮ ಕಡೆಯ ಹೋಟೆಲ್ ದರ ಹೇಗೆ ಏರುತ್ತದೆ ಅಂತ ದೇವನಹಳ್ಳಿಯವರಿಗೆ ಗೊತ್ತು. ಪಾಯಿಂಟ್ ದರವೂ ಏರುತ್ತದೆ, ಆದರೆ ಎಲ್ಲ ಸಲ ಅಷ್ಟೇ ಪ್ರಮಾಣದಲ್ಲಿ ಏರುವುದಿಲ್ಲ.

ಲೆಕ್ಕ ಹಾಕುವಾಗ ತೆರಿಗೆ ಮರೆಯಬೇಡಿ. ಪೂರ್ತಿ ಪಾಯಿಂಟ್‌ನಲ್ಲಿ ತೆಗೆದುಕೊಂಡ ರಾತ್ರಿಗೆ ಸಾಮಾನ್ಯವಾಗಿ ರೂಮಿನ ತೆರಿಗೆ ಕಟ್ಟಬೇಕಾಗಿಲ್ಲ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಶೇಕಡಾ 5, ಅದಕ್ಕಿಂತ ಜಾಸ್ತಿಯಾದರೆ ಶೇಕಡಾ 18. ಹಾಗಾಗಿ 8,000ದ ರೂಮ್ ನಿಜವಾಗಿ 9,440 ರೂಪಾಯಿ. ಅದಕ್ಕೆ 20,000 ಪಾಯಿಂಟ್ ಕೇಳಿದರೆ ಒಂದಕ್ಕೆ 47 ಪೈಸೆ ಸಿಕ್ಕ ಹಾಗೆ. ಅದೇ 20,000ವನ್ನು 5,000ದ ರೂಮಿಗೆ ಕೇಳಿದರೆ 26 ಪೈಸೆ. ಆಗ ದುಡ್ಡೇ ಕೊಟ್ಟುಬಿಡಿ.

ಶಿಡ್ಲಘಟ್ಟ ರೀಲರ್

ಇಷ್ಟೊಂದು ಲೆಕ್ಕ ಬೇಡ ಅನ್ನುವವರಿಗೆ ಸುಲಭದ್ದು ಯಾವುದಾದರೂ ಇದೆಯಾ?

ದೇವನಹಳ್ಳಿ ಶಿಫ್ಟ್

ಇದೆ ಅಣ್ಣ. ಆಕೋರ್ ಗುಂಪು, ಅಂದರೆ ಐಬಿಸ್, ನೊವೊಟೆಲ್ ಇವೆಲ್ಲ. ಅಲ್ಲಿ 2,000 ಪಾಯಿಂಟ್ ಅಂದರೆ ಬಿಲ್‌ನಲ್ಲಿ 40 ಯೂರೋ ಕಡಿತ. ಯಾವ ಊರು, ಯಾವ ದಿನ ಆದರೂ ಅಷ್ಟೇ. ದೊಡ್ಡ ಲಾಭವೂ ಇಲ್ಲ, ಮೋಸವೂ ಇಲ್ಲ. ತಾಜ್ ಹೋಟೆಲ್‌ಗಳಲ್ಲಿ ನಡೆಯುವ ಟಾಟಾದವರ ನ್ಯೂಕಾಯಿನ್ ಕೂಡ ಹಾಗೆಯೇ, ಒಂದಕ್ಕೆ ಒಂದು ರೂಪಾಯಿ.

ಅವಧಿ ಮಾತ್ರ ನೋಡಿಕೊಳ್ಳಿ. ಆಕೋರ್‌ನಲ್ಲಿ 365 ದಿನ ಏನೂ ಚಟುವಟಿಕೆ ಇಲ್ಲದಿದ್ದರೆ ಪಾಯಿಂಟ್ ಹೋಗುತ್ತದೆ. ಹಾಲಿಡೇ ಇನ್ ಹೋಟೆಲ್‌ಗಳ ಐಎಚ್‌ಜಿಯಲ್ಲಿ ಸಾಮಾನ್ಯ ಮೆಂಬರ್‌ಗೆ 12 ತಿಂಗಳು. ಮ್ಯಾರಿಯಟ್, ಹಿಲ್ಟನ್‌ನಲ್ಲಿ 24 ತಿಂಗಳು. ಒಂದು ಸಣ್ಣ ಚಟುವಟಿಕೆ ಆದರೂ ಗಡಿಯಾರ ಮತ್ತೆ ಮೊದಲಿಂದ ಶುರುವಾಗುತ್ತದೆ. ಕ್ರಿಸ್‌ಫ್ಲೈಯರ್ ಹಾಗಲ್ಲ, ಮೈಲು ಬಂದ 36 ತಿಂಗಳಿಗೆ ಹೋಗಿಬಿಡುತ್ತದೆ, ಮಧ್ಯದಲ್ಲಿ ಎಷ್ಟು ಹಾರಿದರೂ ಹಳೆಯದು ಉಳಿಯುವುದಿಲ್ಲ.

ಬಾಗೇಪಲ್ಲಿ ಹುಡುಗ

ನನಗೆ ಕೆಲಸ ಸಿಕ್ಕಿ ಸ್ವಲ್ಪ ದಿನ ಆಯಿತು. ಪಾಯಿಂಟ್ ಜಾಸ್ತಿ ಬರಲಿ ಅಂತ ಎರಡು ಮೂರು ಕ್ರೆಡಿಟ್ ಕಾರ್ಡ್ ಮಾಡಿಸಬೇಕು ಅಂತ ಇದ್ದೇನೆ. ಸ್ನೇಹಿತರೆಲ್ಲ ಅದೇ ಮಾಡುತ್ತಿದ್ದಾರೆ.

ಶಿಡ್ಲಘಟ್ಟ ರೀಲರ್

ತಮ್ಮಾ, ನಿಧಾನ. ಬಿಲ್ ಪೂರ್ತಿ ಕಟ್ಟದೆ ಉಳಿಸಿಕೊಂಡರೆ ತಿಂಗಳಿಗೆ ಶೇಕಡಾ 3.5ರ ಆಸುಪಾಸು ಬಡ್ಡಿ. 50,000 ಉಳಿಸಿಕೊಂಡರೆ ತಿಂಗಳಿಗೆ 1,750, ಅದರ ಮೇಲೆ ಜಿಎಸ್‌ಟಿ ಬೇರೆ, ಎಲ್ಲಾ ಸೇರಿ 2,065. ಅದೇ 50,000 ಖರ್ಚಿಗೆ ನಿನಗೆ ಶೇಕಡಾ ಒಂದರ ಪಾಯಿಂಟ್ ಬಂದರೂ 500 ರೂಪಾಯಿ. ಒಂದೇ ತಿಂಗಳ ಬಡ್ಡಿ ನಾಲ್ಕು ಪಟ್ಟು ತಿಂದುಹಾಕುತ್ತದೆ. ನಾವು ಬಡ್ಡಿ ಸಾಲದಲ್ಲಿ ವ್ಯಾಪಾರ ಕಳೆದುಕೊಂಡವರನ್ನು ಕಣ್ಣಾರೆ ನೋಡಿದ್ದೇವೆ, ಅದಕ್ಕೆ ಹೇಳುತ್ತಿದ್ದೇನೆ.

ನಂದಿ ತಪ್ಪಲು

ಅಣ್ಣನ ಮಾತು ಕೇಳು. ಪ್ರತಿ ತಿಂಗಳು ಪೂರ್ತಿ ಕಟ್ಟುವ ಶಿಸ್ತು ಇದ್ದರೆ ಒಂದೇ ಒಂದು ಕಾರ್ಡ್ ಸಾಕು. ವಾರ್ಷಿಕ ಶುಲ್ಕ ಎಷ್ಟು, ಯಾವ ಏರ್‌ಲೈನ್‌ಗೆ ಪಾಯಿಂಟ್ ಸಾಗಿಸಬಹುದು, ಯಾವ ದರದಲ್ಲಿ ಅಂತ ನೋಡಿ ಆರಿಸಿಕೋ. ಈ ದರವನ್ನು ಬ್ಯಾಂಕುಗಳು ಆಗಾಗ ಬದಲಾಯಿಸುತ್ತವೆ. ಬಾಡಿಗೆ, ಪೆಟ್ರೋಲ್, ವ್ಯಾಲೆಟ್‌ಗೆ ಹಾಕಿದ ದುಡ್ಡಿಗೆ ಪಾಯಿಂಟ್ ಕೊಡದ ಕಾರ್ಡ್‌ಗಳೇ ಜಾಸ್ತಿ. ವಿದೇಶದಲ್ಲಿ ಉಜ್ಜಿದರೆ ಶೇಕಡಾ 3.5ರವರೆಗೂ ಮಾರ್ಕಪ್ ಅಂತ ಹೆಚ್ಚುವರಿ ಶುಲ್ಕ ಹಾಕುತ್ತಾರೆ, ಅದರ ಮೇಲೆ ಜಿಎಸ್‌ಟಿ. ಅಲ್ಲಿ ಪಾಯಿಂಟ್‌ಗೆ ಆಸೆಪಟ್ಟರೆ ನಷ್ಟ. ಏರ್‌ಪೋರ್ಟ್ ಲೌಂಜ್‌ಗೋಸ್ಕರ ಕಾರ್ಡ್ ಬೇಡ. ಈಗ ಹಲವು ಕಾರ್ಡ್‌ಗಳಲ್ಲಿ ಹಿಂದಿನ ಮೂರು ತಿಂಗಳು ಇಷ್ಟು ಖರ್ಚು ಮಾಡಿದ್ದರೆ ಮಾತ್ರ ಒಳಗೆ ಬಿಡುತ್ತಾರೆ.

ಗೌರಿಬಿದನೂರು ಟೀಚರ್

ಒಂದು ಎಚ್ಚರಿಕೆ ನಾನೂ ಹೇಳುತ್ತೇನೆ. "ನಿಮ್ಮ ರಿವಾರ್ಡ್ ಪಾಯಿಂಟ್ ಇವತ್ತು ರಾತ್ರಿಗೆ ಮುಗಿಯುತ್ತದೆ, ಈ ಲಿಂಕ್ ಒತ್ತಿ" ಅಂತ ಮೆಸೇಜ್ ಬರುತ್ತಿವೆ. ಒತ್ತಿದರೆ ಬ್ಯಾಂಕಿನ ತರಹವೇ ಕಾಣುವ ಪುಟ ಬರುತ್ತದೆ, ಕಾರ್ಡ್ ನಂಬರ್, ಒಟಿಪಿ ಕೇಳುತ್ತದೆ. ಕೆಲವು ಸಲ ವಾಟ್ಸಾಪ್‌ನಲ್ಲಿ ಫೋನಿಗೆ ಆ್ಯಪ್ ಹಾಕುವ ಎಪಿಕೆ ಫೈಲ್ ಕಳಿಸುತ್ತಾರೆ. ಯಾವುದನ್ನೂ ಮುಟ್ಟಬೇಡಿ. ಪಾಯಿಂಟ್ ನೋಡಬೇಕಿದ್ದರೆ ನೀವೇ ಆ್ಯಪ್ ತೆರೆದು ನೋಡಿ. ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಮನೆಯಲ್ಲಿ ಹಿರಿಯರಿಗೆ ಇದನ್ನು ಇವತ್ತೇ ಹೇಳಿ ದಯವಿಟ್ಟು.

ಕಂದವಾರ ಕೆರೆ

ತುಂಬಾ ಉಪಯೋಗ ಆಯಿತು ಎಲ್ಲರಿಂದ. ಈಗ ನಿಜವಾದ ಪ್ರಶ್ನೆ. ಇಬ್ಬರಿಗೂ ಎಕಾನಮಿ ಟಿಕೆಟ್ ಪಾಯಿಂಟ್‌ನಲ್ಲಿ ತೆಗೆದುಕೊಳ್ಳಲಾ, ಅಥವಾ ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಂಡು ಪಾಯಿಂಟ್‌ನಲ್ಲಿ ಅಪ್ಪನ ಸೀಟನ್ನು ಮೇಲಿನ ಕ್ಲಾಸಿಗೆ ಏರಿಸಲಾ?

ನಂದಿ ತಪ್ಪಲು

ಮಂಡಿ ನೋವಿನ ವಿಷಯ ಇರುವುದರಿಂದ ನಾನಾದರೆ ಮೊದಲು ಮೇಲಿನ ಕ್ಲಾಸ್ ನೋಡುತ್ತೇನೆ. ಎಕಾನಮಿಯಲ್ಲಿ ಪಾಯಿಂಟ್ ಕೊಟ್ಟರೂ ಸರ್‌ಚಾರ್ಜ್ ಅಂತ ದೊಡ್ಡ ಮೊತ್ತ ಕಟ್ಟಬೇಕಾಗಿ ಬರಬಹುದು. ಯೂರೋಪಿನ ಏರ್‌ಲೈನ್‌ಗಳಲ್ಲಿ ಇದು ಜಾಸ್ತಿ. ದುಡ್ಡಿನ ಟಿಕೆಟ್‌ಗೆ ಹೋಲಿಸಿದರೆ ಉಳಿತಾಯ ಚಿಕ್ಕದಾಗುತ್ತದೆ. ಬಿಸಿನೆಸ್ ಅಥವಾ ಪ್ರೀಮಿಯಂ ಎಕಾನಮಿಯಲ್ಲಿ ದುಡ್ಡಿನ ದರ ಬಹಳ ಮೇಲಿರುವುದರಿಂದ ಒಂದು ಪಾಯಿಂಟ್‌ಗೆ ಸಿಗುವ ಬೆಲೆ ಏರುತ್ತದೆ. ಇಬ್ಬರಿಗೂ ಸಾಲದಿದ್ದರೆ ಹೋಗುವಾಗ ಮಾತ್ರ, ಅಥವಾ ರಾತ್ರಿ ವಿಮಾನಕ್ಕೆ ಮಾತ್ರ ತೆಗೆದುಕೊಳ್ಳಿ. ಒಬ್ಬರನ್ನು ಮುಂದೆ ಕೂರಿಸಿ ಒಬ್ಬರನ್ನು ಹಿಂದೆ ಕೂರಿಸಿದರೆ ಅಮ್ಮ ಒಪ್ಪುತ್ತಾರಾ ಅಂತ ಮೊದಲು ಕೇಳಿ. ನಮ್ಮ ಮನೆಯಲ್ಲಿ ಆಗಿದ್ದರೆ ಖಂಡಿತ ಒಪ್ಪುತ್ತಿರಲಿಲ್ಲ.

ದುಡ್ಡಿನ ಟಿಕೆಟ್ ಏರಿಸುವುದಾದರೆ ಮತ್ತೆ ಅದೇ ಬುಕಿಂಗ್ ಅಕ್ಷರ ಬರುತ್ತದೆ. ಅತಿ ಅಗ್ಗದ ಟಿಕೆಟನ್ನು ಏರಿಸಲು ಬಿಡುವುದಿಲ್ಲ. ಟಿಕೆಟ್ ತೆಗೆದುಕೊಳ್ಳುವ ಮೊದಲೇ ಕೇಳಿಕೊಳ್ಳಿ.

ಸೀಟು ಹುಡುಕಲು ಈಗಲೇ ಶುರು ಮಾಡಿ. ಪಾಯಿಂಟ್ ಸೀಟುಗಳನ್ನು ಸುಮಾರು 11 ತಿಂಗಳ ಮೊದಲೇ ಬಿಡಲು ಶುರು ಮಾಡುತ್ತಾರೆ. ಏಪ್ರಿಲ್, ಮೇ ಎಲ್ಲರಿಗೂ ಬೇಕು. ಮಂಗಳವಾರ, ಬುಧವಾರ ನೋಡಿ, ತಾರೀಖು ಒಂದೆರಡು ದಿನ ಹಿಂದೆ ಮುಂದೆ ಮಾಡಿ ನೋಡಿ. ಮತ್ತೆ ಇದು ಮುಖ್ಯ: ಸೀಟು ಕಣ್ಣಿಗೆ ಕಂಡ ಮೇಲೆ ಮಾತ್ರ ಕಾರ್ಡಿನ ಪಾಯಿಂಟನ್ನು ಏರ್‌ಲೈನ್‌ಗೆ ಸಾಗಿಸಿ. ಒಂದು ಸಲ ಸಾಗಿಸಿದರೆ ವಾಪಸ್ ಬರುವುದಿಲ್ಲ. ಕೆಲವು ತಕ್ಷಣ ಹೋಗುತ್ತವೆ, ಕೆಲವಕ್ಕೆ ಒಂದೆರಡು ದಿನ ಹಿಡಿಯುತ್ತದೆ. ಆದ್ದರಿಂದ ಎರಡು ಮೂರು ತಾರೀಖಿನಲ್ಲಿ ಸೀಟು ಇದೆಯಾ ಅಂತ ನೋಡಿಕೊಂಡು ಸಾಗಿಸಿ.

ಚಿಂತಾಮಣಿ ಟಿಕೆಟ್ ಅಂಗಡಿ

ವೀಸಾ ಬರುವ ಮೊದಲು ಟಿಕೆಟ್ ಮಾಡಬೇಕಲ್ಲ ಅನ್ನುವ ಭಯ ಇರುತ್ತದೆ. ಅಲ್ಲಿ ಪಾಯಿಂಟ್ ಟಿಕೆಟ್ ಒಳ್ಳೆಯದು. ಹೆಚ್ಚಿನವರು ಒಂದು ಶುಲ್ಕ ಹಿಡಿದುಕೊಂಡು ಪಾಯಿಂಟ್ ವಾಪಸ್ ಖಾತೆಗೆ ಹಾಕುತ್ತಾರೆ. ಅಗ್ಗದ ದುಡ್ಡಿನ ಟಿಕೆಟ್ ರದ್ದು ಮಾಡಿದರೆ ಕೈಗೆ ತೆರಿಗೆ ಬಿಟ್ಟು ಏನೂ ಬರುವುದಿಲ್ಲ. ರದ್ದತಿ ಶುಲ್ಕ ಎಷ್ಟು, ಎಷ್ಟು ದಿನ ಮೊದಲು ಅಂತ ಬುಕ್ ಮಾಡುವಾಗಲೇ ಓದಿಕೊಳ್ಳಿ.

ದೇವನಹಳ್ಳಿ ಶಿಫ್ಟ್

ವೀಲ್‌ಚೇರ್‌ಗೆ ಯಾವ ಕ್ಲಾಸೂ, ಯಾವ ಕಾರ್ಡೂ ಬೇಕಾಗಿಲ್ಲ. ಟಿಕೆಟ್ ಮಾಡುವಾಗಲೇ ಕೇಳಿ ಹಾಕಿಸಿಬಿಡಿ. ಬೆಂಗಳೂರಿನಲ್ಲಿ ವಿದೇಶಿ ವಿಮಾನಗಳು 2023ರ ಸೆಪ್ಟೆಂಬರ್‌ನಿಂದ ಎರಡನೇ ಟರ್ಮಿನಲ್‌ಗೆ ಹೋಗಿವೆ, ಒಳಗೆ ನಡಿಗೆ ಜಾಸ್ತಿ. ನಿಮ್ಮ ಊರಿಂದ ಹೆದ್ದಾರಿಯಲ್ಲಿ ಬೇಗ ಬಂದುಬಿಡುತ್ತೀರಿ, ಏರ್‌ಪೋರ್ಟ್ ಪಕ್ಕ ರೂಮ್ ಮಾಡಿ ಪಾಯಿಂಟ್ ಕಳೆಯಬೇಡಿ. ನಮ್ಮ ಹೋಟೆಲ್‌ಗೆ ವ್ಯಾಪಾರ ಹೋದರೂ ಪರವಾಗಿಲ್ಲ, ಆ ರಾತ್ರಿ ಅವರು ಮನೆಯಲ್ಲೇ ಮಲಗಲಿ.

ಕಂದವಾರ ಕೆರೆ

ಅಮ್ಮನನ್ನು ಕೇಳಿದೆ. ಇಬ್ಬರೂ ಒಟ್ಟಿಗೇ ಕೂರಬೇಕಂತೆ. ಹಾಗಾಗಿ ಹೋಗುವ ದಾರಿಗೆ ಇಬ್ಬರಿಗೂ ಮೇಲಿನ ಕ್ಲಾಸ್ ಸೀಟು ಹುಡುಕುತ್ತೇನೆ, ಬರುವ ದಾರಿಗೆ ದುಡ್ಡಿನ ಟಿಕೆಟ್, ಮುಂದಿನ ಸಾಲಿನ ಸೀಟಿಗೆ ಹೆಚ್ಚುವರಿ ಕೊಡುತ್ತೇನೆ. ಬರುವ ದಾರಿಯ ಪಾಯಿಂಟ್ ಅವರ ಹೆಸರಿಗೇ ಸೇರಲಿ ಅಂತ ಇಬ್ಬರಿಗೂ ಖಾತೆ ಮಾಡಿಸಿದೆ. ಅಪ್ಪನ ಪಾಸ್‌ಪೋರ್ಟ್‌ನಲ್ಲಿ ಕುಲನಾಮದ ಜಾಗ ಖಾಲಿ ಇದೆ. ಚಿಂತಾಮಣಿ ಅಣ್ಣ, ಏನು ಮಾಡಲಿ?

ಚಿಂತಾಮಣಿ ಟಿಕೆಟ್ ಅಂಗಡಿ

ಪಾಸ್‌ಪೋರ್ಟ್ ಬದಲಾಯಿಸಲು ಸಮಯ ಇದ್ದರೆ, ವೀಸಾಕ್ಕೆ ಅರ್ಜಿ ಹಾಕುವ ಮೊದಲೇ ಹೆಸರು ಎರಡು ಭಾಗ ಮಾಡಿಸಿಬಿಡಿ. ಆಮೇಲೆ ಮಾಡಿಸಿದರೆ ವೀಸಾ ಒಂದು ಹೆಸರಲ್ಲಿ, ಪಾಸ್‌ಪೋರ್ಟ್ ಇನ್ನೊಂದು ಹೆಸರಲ್ಲಿ ಆಗುತ್ತದೆ. ಸಮಯ ಇಲ್ಲದಿದ್ದರೆ ಹಾಗೇ ಇರಲಿ, ಆದರೆ ಏರ್‌ಲೈನ್‌ಗೆ ಫೋನ್ ಮಾಡಿ ಒಂದೇ ಹೆಸರಿನವರಿಗೆ ಟಿಕೆಟ್‌ನಲ್ಲಿ ಹೇಗೆ ಬರೆಯುತ್ತೀರಿ ಅಂತ ಕೇಳಿ, ಮೈಲು ಖಾತೆಯಲ್ಲೂ ಹಾಗೆಯೇ ಬರೆಸಿ. ಸಂಜೆ ಅಂಗಡಿಯಲ್ಲೇ ಇರುತ್ತೇನೆ. ಪಾಸ್‌ಪೋರ್ಟ್ ತಗೊಂಡು ಅಪ್ಪನ ಜೊತೆ ಬನ್ನಿ, ಇಬ್ಬರದ್ದೂ ನೋಡಿ ಸರಿ ಮಾಡಿಕೊಡೋಣ.